ಗೋಡೆ ಬೇಕೇ, ಬೇಡವೇ? ಶಾಲೆ ಕಟ್ಟಡಗಳ ಬಗ್ಗೆ ನಿಮಗಿದು ಗೊತ್ತೇ?

ಉದ್ದನೆಯ ಪಡಸಾಲೆ, ಅದರ ಒಂದು ಬದಿಗೆ ಸಾಲಾಗಿ ಕೊಠಡಿ, ಕೊಠಡಿಯೊಳಗೆ ಸಾಲಾಗಿ ಬೆಂಚು, ಎದುರಿಗೆ ಕರಿಹಲಗೆ. ಬೀದರಿನಿಂದ ಚಾಮರಾಜನಗರದವರೆಗೆ ಯಾವ ಊರಿಗೆ ಹೋದರೂ ಶಾಲೆಯನ್ನು ದೂರದಿಂದಲೇ ಗುರುತಿಸಬಹುದು. ಈ ನಮೂನೆ ಬಿಟ್ಟು ಬೇರೆ ರೀತಿ ಶಾಲೆ ಕಟ್ಟಲು ಹೊರಟವರು, ಗೋಡೆ ಸರಿಸಿದವರು, ಗೋಡೆಯನ್ನೇ ಕಿತ್ತವರು, ಕಿತ್ತು ಪೇಚಾಡಿ ಮತ್ತೆ ಕಟ್ಟಿದವರು ಪ್ರಪಂಚದಲ್ಲಿ ಬಹಳ ಮಂದಿ ಇದ್ದಾರೆ. ಅವರ ಪೈಕಿ ಕೆಲವರ ಸುದ್ದಿ ಇಲ್ಲಿದೆ.

● ನಾವು ನೋಡಿ ಬೆಳೆದ ಈ ನಮೂನೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1847ರಲ್ಲಿ ತೆರೆದ ಕ್ವಿನ್ಸಿ ಶಾಲೆಯನ್ನು ಇದರ ಮೂಲಪುರುಷ ಎನ್ನುತ್ತಾರೆ. ಹನ್ನೆರಡು ಕೊಠಡಿ, ವಯಸ್ಸಿಗೆ ತಕ್ಕ ತರಗತಿ, ಪ್ರತಿ ಮಗುವಿಗೂ ಅದರದೇ ಒಂದು ಡೆಸ್ಕು. ಆಗ ಅದೊಂದು ಕ್ರಾಂತಿ. ಆಮೇಲೆ ಊರೂರಿನಲ್ಲಿ ಅದರ ನಕಲು ಎದ್ದಿತು, ‘ಮೊಟ್ಟೆ ಟ್ರೇ ಶಾಲೆ’ ಎಂಬ ಅಡ್ಡಹೆಸರೂ ಬಿತ್ತು.

● ಅದಕ್ಕೆ ಮುಂಚೆ? ಒಂದೇ ದೊಡ್ಡ ಹಜಾರ, ಅದರೊಳಗೆ ನೂರಾರು ಮಕ್ಕಳು, ಒಬ್ಬರೇ ಮೇಷ್ಟ್ರು. ಲಂಡನ್ನಿನ ಬರೋ ರೋಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ 1798ರಲ್ಲಿ ಶುರು ಮಾಡಿದ ಶಾಲೆ ಹೀಗಿತ್ತು. ಮೇಷ್ಟ್ರು ದೊಡ್ಡ ಮಕ್ಕಳಿಗೆ ಹೇಳಿಕೊಡುವುದು, ದೊಡ್ಡವರು ಚಿಕ್ಕವರಿಗೆ ತಿದ್ದಿಸುವುದು. ‘ಮಾನಿಟರ್’ ಎಂಬ ಪದವಿ ನಮ್ಮ ತರಗತಿಗಳಿಗೂ ಬಂದದ್ದು ಈ ಪದ್ಧತಿಯ ದೆಸೆಯಿಂದ.

● ಇಂಗ್ಲೆಂಡಿನಲ್ಲಿ ಇದಕ್ಕಿದ್ದ ಇನ್ನೊಂದು ಹೆಸರು ‘ಮದ್ರಾಸ್ ಪದ್ಧತಿ’! ಮದ್ರಾಸಿನಲ್ಲಿ ಗಂಡುಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡ. ಅದನ್ನೇ ತನ್ನ ಶಾಲೆಯಲ್ಲಿ ತಂದು, ದೊಡ್ಡ ಹುಡುಗರ ಕೈಯಲ್ಲಿ ಚಿಕ್ಕವರಿಗೆ ಹೇಳಿಸಿ, ಊರಿಗೆ ಮರಳಿ 1797ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಅವನ ಹಣದಿಂದ ಕಟ್ಟಿದ ಶಾಲೆಗೆ ಇವತ್ತಿಗೂ ‘ಮದ್ರಾಸ್ ಕಾಲೇಜ್’ ಎಂದೇ ಹೆಸರು. ನಮ್ಮ ಕೂಲಿಮಠಗಳ ಜಗುಲಿಯಲ್ಲೂ ಇದೇ ನಡೆದಿತ್ತು. ಒಂದೇ ಜಗುಲಿ, ಎಲ್ಲ ವಯಸ್ಸಿನ ಮಕ್ಕಳು, ಕಲಿತವನು ಕಲಿಯದವನಿಗೆ ಹೇಳಿಕೊಡುವುದು. ಇದನ್ನೇ ಈಗ ‘ಸಹಯೋಗದ ಕಲಿಕೆ’ ಎಂಬ ದೊಡ್ಡ ಹೆಸರಿನಲ್ಲಿ ವಿಚಾರಸಂಕಿರಣಗಳಲ್ಲಿ ಹೇಳುತ್ತಾರೆ.

● ಇನ್ನೂ ಹಿಂದಕ್ಕೆ ಹೋಗೋಣ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ ಇತ್ತು. 1058ರ ಶಾಸನ ಅಲ್ಲಿ ವೇದ ಓದುವವರು, ಶಾಸ್ತ್ರ ಓದುವವರು, ಕಲಿಸುವ ಗುರುಗಳು ಎಲ್ಲರ ಲೆಕ್ಕ ಕೊಡುತ್ತದೆ. ಪುಸ್ತಕ ನೋಡಿಕೊಳ್ಳುವ ‘ಸರಸ್ವತಿ ಭಂಡಾರಿಗ’ರನ್ನೂ ಮರೆತಿಲ್ಲ. ಅಲ್ಲಿ ಉಳಿದಿರುವ ಕಟ್ಟಡಕ್ಕೆ ಜನ ಇಟ್ಟ ಹೆಸರು ‘ಅರವತ್ತು ಕಂಬದ ಗುಡಿ’. ಕಂಬಗಳ ಮೇಲೆ ನಿಂತ ಹಜಾರದಲ್ಲಿ ನಡುವೆ ಗೋಡೆ ಇರುವುದಿಲ್ಲ. ಹತ್ತು ಜನ ಒಂದು ಮೂಲೆಯಲ್ಲಿ ಕೂರಬಹುದು, ನೂರು ಜನ ನಡುವೆ ಸೇರಬಹುದು.

● ಹಳೆಯ ಶಾಲೆಗಳಲ್ಲಿ ಕಿಟಕಿ ಮಕ್ಕಳ ಎಡಗಡೆಗೇ ಏಕೆ ಇರುತ್ತಿತ್ತು? ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಹಾಳೆಯ ಮೇಲೆ ಬೀಳಬಾರದು ಎಂದು. ಎಡಗೈ ಮಕ್ಕಳ ಗತಿಯನ್ನು ಯಾರೂ ಕೇಳಲಿಲ್ಲ. ಆದರೆ ಈ ನಿಯಮದಿಂದ ಇನ್ನೊಂದು ತೊಡಕು ಬಂತು. ಬೆಳಕು ಒಂದೇ ಕಡೆಯಿಂದ ಎಂದ ಮೇಲೆ ಬೆಂಚುಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಬಹಳ ಕಡೆ ಡೆಸ್ಕುಗಳನ್ನು ನೆಲಕ್ಕೇ ಸ್ಕ್ರೂ ಹಾಕಿ ಬಿಗಿದಿದ್ದರು. ಮಕ್ಕಳನ್ನು ಗುಂಪಾಗಿ ಕೂರಿಸಬೇಕು ಎಂದುಕೊಂಡ ಶಿಕ್ಷಕಿಗೆ ಮೊದಲು ಅಡ್ಡ ಬಂದದ್ದು ಗೋಡೆಗಿಂತ ಈ ಸ್ಕ್ರೂ. ಎರಡೂ ಬದಿಗೆ ಕಿಟಕಿ ಬರುವ ತನಕ ಮೇಜು ಸರಿಸುವ ಸ್ವಾತಂತ್ರ್ಯವೂ ಬರಲಿಲ್ಲ.

● ತತ್ವಜ್ಞಾನಿ ಜಾನ್ ಡ್ಯೂಯಿ ಶಿಕಾಗೋದಲ್ಲಿ ತನ್ನ ಶಾಲೆಗೆಂದು ಮೇಜು-ಕುರ್ಚಿ ಹುಡುಕಿಕೊಂಡು ಅಂಗಡಿ ಅಂಗಡಿ ಸುತ್ತಿದ. ಎಲ್ಲೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಒಬ್ಬ ಅಂಗಡಿಯವನೇ ಕಾರಣ ಹೇಳಿದನಂತೆ: ನಿಮಗೆ ಬೇಕಿರುವುದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕೇಳಿಸಿಕೊಂಡು ಕೂರುವ ಮೇಜು. ಡ್ಯೂಯಿ ಇದನ್ನು 1899ರ ತನ್ನ ಉಪನ್ಯಾಸಗಳಲ್ಲಿ ಹೇಳಿಕೊಂಡಿದ್ದಾನೆ. ಆ ಅಂಗಡಿಯವನ ಬುದ್ಧಿವಂತಿಕೆ ಮೆಚ್ಚಬೇಕು.

● ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅವರು ಮಾಡಿಸಿದ ಮೇಜು-ಕುರ್ಚಿಗಳು ಮಕ್ಕಳೇ ಎತ್ತಿಕೊಂಡು ಹೋಗುವಷ್ಟು ಹಗುರ. ಬಿದ್ದರೆ ಸದ್ದಾಗುತ್ತದೆ; ಸದ್ದಾದರೆ ಮುಂದಿನ ಸಲ ಮಗು ಜೋಪಾನವಾಗಿ ಎತ್ತುತ್ತದೆ. ಇದೇ ಮಾಂಟೆಸರಿ ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ರಾಸಿನ ಅಡ್ಯಾರಿನಲ್ಲೂ ಕೊಡೈಕೆನಾಲಿನಲ್ಲೂ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು.

● ಗೋಡೆಯನ್ನು ಮೊದಲು ತೆಗೆಸಿದ್ದು ಶಿಕ್ಷಣತಜ್ಞರೊಬ್ಬರೇ ಅಲ್ಲ, ಕ್ಷಯರೋಗವೂ ಹೌದು. 1904ರಲ್ಲಿ ಬರ್ಲಿನ್ ಬಳಿಯ ಷಾರ್ಲಟನ್‌ಬರ್ಗಿನಲ್ಲಿ ನಿಶ್ಶಕ್ತ ಮಕ್ಕಳಿಗೆಂದು ಕಾಡಿನ ನಡುವೆ ಬಯಲು ಶಾಲೆ ಶುರುವಾಯಿತು. ಗಾಳಿ, ಬಿಸಿಲು, ಒಳ್ಳೆಯ ಊಟ: ಆ ಕಾಲಕ್ಕೆ ಗೊತ್ತಿದ್ದ ಔಷಧ ಅಷ್ಟೇ. 1930ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾನ್ ಡಾಯ್ಕರ್ ಕಟ್ಟಿದ ಶಾಲೆಯಲ್ಲಿ ಪ್ರತಿ ಮಹಡಿಯ ತರಗತಿಗಳ ನಡುವೆ ಒಂದು ತೆರೆದ ಬಿಸಿಲುಮಾಳಿಗೆ. 1935ರ ಹೊತ್ತಿಗೆ ಪ್ಯಾರಿಸ್ ಪಕ್ಕದ ಸುರೇನ್ ಊರಿನ ಶಾಲೆಯಲ್ಲಿ ಕೊಠಡಿಯ ಮೂರು ಕಡೆಯ ಗಾಜಿನ ಗೋಡೆಗಳನ್ನು ಮಡಚಿ ಮೂಲೆಗೆ ತಳ್ಳಿಬಿಡಬಹುದಿತ್ತು.

● ಅವರೆಲ್ಲರಿಗಿಂತ ಮುಂಚೆ, 1901ರಲ್ಲಿ, ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಮರದ ಕೆಳಗೆ ತರಗತಿ ಶುರು ಮಾಡಿದ್ದರು. ಅವರಿಗೆ ಅದು ರೋಗದ ಮದ್ದಾಗಿರಲಿಲ್ಲ, ತಮ್ಮ ಬಾಲ್ಯದ ಶಾಲಾ ಕೊಠಡಿಯ ಮೇಲಿನ ಸಿಟ್ಟಾಗಿತ್ತು. 2023ರಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

● ಈಗ ಸ್ವಲ್ಪ ನಿಂತು ನೋಡಬೇಕಾದ ಶಾಲೆ. ಅಮೆರಿಕದ ಇಲಿನಾಯ್ ರಾಜ್ಯದ ವಿನೆಟ್ಕಾ ಊರಿನ ಕ್ರೋ ಐಲೆಂಡ್ ಶಾಲೆ, 1940ರದು. ಕಟ್ಟಿದವರು ಹೆಸರುವಾಸಿ ವಾಸ್ತುಶಿಲ್ಪಿಗಳಾದ ಎಲಿಯಲ್ ಸಾರಿನೆನ್, ಅವರ ಮಗ ಈರೊ, ಜೊತೆಗೆ ಇನ್ನೂ ಹೆಸರು ಮಾಡಿರದ ಕೆಲವು ಹುಡುಗರು. ಆ ಹುಡುಗರಲ್ಲಿ ಒಬ್ಬರಾದ ಲಾರೆನ್ಸ್ ಪರ್ಕಿನ್ಸ್ ನಕ್ಷೆ ಬರೆಯುವ ಮುಂಚೆ ತರಗತಿಗಳಲ್ಲಿ ಹೋಗಿ ಕೂತು, ಮಕ್ಕಳು ಎಲ್ಲಿ ಕೂರುತ್ತಾರೆ, ಎಲ್ಲಿ ಗುಂಪು ಕಟ್ಟುತ್ತಾರೆ ಎಂದು ನೋಡಿದರು. ಫ್ರಾನ್ಸೆಸ್ ಪ್ರೆಸ್ಲರ್ ಎಂಬ ಶಿಕ್ಷಕಿ ಶಾಲೆ ಹೇಗಿರಬೇಕೆಂದು ವಾಸ್ತುಶಿಲ್ಪಿಗಳಿಗೆ ಪತ್ರವನ್ನೇ ಬರೆದರು.

ಬಂದದ್ದೇನು? ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದ ಕೊಠಡಿ. ದೊಡ್ಡ ಭಾಗದಲ್ಲಿ ಪಾಠ, ಚಿಕ್ಕ ಭಾಗದಲ್ಲಿ ಬಣ್ಣ, ಮಣ್ಣು, ಮರಗೆಲಸ. ಪ್ರತಿ ಕೊಠಡಿಗೂ ಅದರದೇ ಶೌಚಾಲಯ, ಹೊರಗೆ ಅಂಗಳಕ್ಕೆ ತೆರೆಯುವ ಅದರದೇ ಬಾಗಿಲು. ಆಗ ಶಾಲೆ ಚಾವಣಿ ಎಂದರೆ ಹನ್ನೆರಡು ಅಡಿ ಎತ್ತರ. ಇಲ್ಲಿ ಒಂಬತ್ತಕ್ಕೆ ಇಳಿಸಿದರು. ಬಾಗಿಲ ಹಿಡಿ, ದೀಪದ ಸ್ವಿಚ್ಚು ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ. ಸಭಾಂಗಣದಲ್ಲಂತೂ ಮುಂದಿನ ಸಾಲಿನ ಕುರ್ಚಿ ಪುಟ್ಟದು, ಹಿಂದೆ ಹೋದಂತೆ ಒಂದೊಂದೇ ಅಳತೆ ದೊಡ್ಡದು! ಅಮೆರಿಕ ಸರ್ಕಾರ 1990ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಸ್ಮಾರಕವಾದರೂ ಪಾಠ ನಿಂತಿಲ್ಲ.

● ಕೊಠಡಿ ‘ಎಲ್’ ಆಕಾರದಲ್ಲಿದ್ದರೆ ಏನು ಲಾಭ? ಚೌಕದ ಕೊಠಡಿಯಲ್ಲಿ ಶಿಕ್ಷಕಿಗೆ ಎಲ್ಲ ಮಕ್ಕಳೂ ಎಲ್ಲ ಹೊತ್ತೂ ಕಾಣುತ್ತಾರೆ, ಮಕ್ಕಳಿಗೂ ಒಬ್ಬರಿಗೊಬ್ಬರು ಕಾಣುತ್ತಾರೆ. ಒಂದು ಮೂಲೆ ತಿರುಗಿಸಿದರೆ ಸಾಕು, ಆರು ಮಕ್ಕಳು ಉಳಿದವರ ಕಣ್ಣು ತಪ್ಪಿಸಿ ತಮ್ಮ ಕೆಲಸ ಮಾಡಿಕೊಳ್ಳಬಹುದು; ಶಿಕ್ಷಕಿ ಎರಡು ಹೆಜ್ಜೆ ಇಟ್ಟರೆ ಇಬ್ಬದಿಯೂ ಕಣ್ಣಿಗೆ ಸಿಗುತ್ತದೆ. ಗೋಡೆ ಸರಿಸುವ ಯಂತ್ರ, ಖರ್ಚು ಯಾವುದೂ ಬೇಡ.

● ಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಮಕ್ಕಳು ಹೆಚ್ಚು, ಇಟ್ಟಿಗೆ ಕಡಿಮೆ, ಗಾರೆಯವರು ಇನ್ನೂ ಕಡಿಮೆ. ಹರ್ಟ್‌ಫರ್ಡ್‌ಶೈರ್ ಜಿಲ್ಲೆಯವರು ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿಸಿ ತಂದು ಜೋಡಿಸುವ ಶಾಲೆಗಳನ್ನು ಕಟ್ಟಿದರು. ಎಲ್ಲದಕ್ಕೂ ಒಂದೇ ಅಳತೆ: ಎಂಟು ಅಡಿ ಮೂರು ಅಂಗುಲ. ಅಳತೆ ಒಂದೇ, ಶಾಲೆ ಮಾತ್ರ ಒಂದರಂತೆ ಇನ್ನೊಂದಿಲ್ಲ. ಒಂದು ದಶಕ ತುಂಬುವುದರೊಳಗೆ ಸಂಖ್ಯೆ ನೂರು ಮುಟ್ಟಿತು.

● ಆ ತಂಡದ ಮೇರಿ ಮೆಡ್, ಡೇವಿಡ್ ಮೆಡ್ ದಂಪತಿ ಮುಂದೆ ಶಿಕ್ಷಣ ಇಲಾಖೆಯ ಪರವಾಗಿ 1959ರಲ್ಲಿ ಫಿನ್ಮಿಯರ್ ಎಂಬ ಹಳ್ಳಿಗೆ ಐವತ್ತು ಮಕ್ಕಳ ಪುಟ್ಟ ಶಾಲೆ ಕಟ್ಟಿಕೊಟ್ಟರು. ಮಡಚುವ ಗೋಡೆ ಸರಿಸಿದರೆ ಇಡೀ ಶಾಲೆ ಒಂದೇ ಹಜಾರ. ಅದರ ಜೊತೆಗೆ ಓದಲು, ಕೈಕೆಲಸಕ್ಕೆ ಬೇರೆ ಬೇರೆ ಪುಟ್ಟ ಮೂಲೆಗಳು. ನಮ್ಮ ಹಳ್ಳಿಯ ಎರಡು ಕೊಠಡಿ ಶಾಲೆಗಳ ಗಾತ್ರವೇ.

● ಕ್ಯಾಲಿಫೋರ್ನಿಯಾದಲ್ಲಿ ಎಜ್ರಾ ಎಹ್ರೆನ್‌ಕ್ರಾಂಟ್ಸ್ 1960ರ ದಶಕದಲ್ಲಿ ಹದಿಮೂರು ಶಾಲಾ ಜಿಲ್ಲೆಗಳನ್ನು ಒಟ್ಟುಗೂಡಿಸಿ, ಇಷ್ಟು ಶಾಲೆ ಕಟ್ಟುತ್ತೇವೆ, ನಮಗೆ ಬೇಕಾದ ಹಾಗೆ ಭಾಗ ಮಾಡಿಕೊಡಿ ಎಂದು ಕಂಪನಿಗಳ ಮುಂದೆ ಷರತ್ತು ಇಟ್ಟರು. ಹಣ ಕೊಟ್ಟದ್ದು ಫೋರ್ಡ್ ಪ್ರತಿಷ್ಠಾನ ಹುಟ್ಟುಹಾಕಿದ ಸಂಸ್ಥೆ. ನಡುವೆ ಕಂಬವೇ ಇಲ್ಲದ ವಿಶಾಲ ಹಜಾರ. ಗಾಳಿಯ ಕೊಳವೆ, ದೀಪ ಎಲ್ಲ ಚಾವಣಿಯಲ್ಲಿ. ಗೋಡೆಗಳನ್ನು ಕಳಚಿ ಬೇರೆ ಕಡೆ ನಿಲ್ಲಿಸಬಹುದು. ಎಂಜಿನಿಯರಿಂಗ್ ಲೆಕ್ಕದಲ್ಲಿ ಬಹಳ ಅಚ್ಚುಕಟ್ಟು.

● ಹಾಗಾದರೆ ಗೋಡೆಗಳು ದಿನಾ ಸರಿದಾಡಿದವೇ? ಇಂಥ ಶಾಲೆಗಳ ಅನುಭವ ಹೇಳುವುದು ಇಷ್ಟು: ಗೋಡೆ ಸರಿಸಲು ಅರ್ಧ ದಿನ, ಇಬ್ಬರು ಆಳು ಬೇಕೆಂದರೆ ಯಾವ ಶಿಕ್ಷಕಿಯೂ ಅದರ ತಂಟೆಗೆ ಹೋಗುವುದಿಲ್ಲ. ಪಾಠದ ನಡುವೆ ಇಬ್ಬರು ಮಕ್ಕಳು ಸೇರಿ ಎರಡು ನಿಮಿಷದಲ್ಲಿ ಮಾಡಬಹುದಾದ ಬದಲಾವಣೆ ಮಾತ್ರ ದಿನಾ ನಡೆಯುತ್ತದೆ. ಶಾಲೆಯ ‘ಹೊಂದಿಕೊಳ್ಳುವ ವಿನ್ಯಾಸ’ವನ್ನು ಅಳೆಯಲು ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಕೋಲು ಇಲ್ಲ.

● 1960-70ರ ದಶಕದಲ್ಲಿ ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿ ‘ಓಪನ್ ಪ್ಲಾನ್’ ಶಾಲೆಯ ಗಾಳಿ ಬೀಸಿತು. ಒಂದೇ ಚಾವಣಿಯಡಿ ನಾಲ್ಕೈದು ತರಗತಿ, ನಡುವೆ ಏನೂ ಇಲ್ಲ. ಆದದ್ದೇನೆಂದರೆ, ಪಕ್ಕದ ತರಗತಿಯ ಮಗ್ಗಿ ಈ ತರಗತಿಯ ಕಥೆಯೊಳಗೆ ನುಗ್ಗಿತು. ಶಿಕ್ಷಕಿಯರು ಮೊದಲು ಪುಸ್ತಕದ ಬೀರುಗಳನ್ನು ಅಡ್ಡ ನಿಲ್ಲಿಸಿದರು, ಆಮೇಲೆ ತಡಿಕೆ ಹಾಕಿಸಿದರು, ಕೊನೆಗೆ ಆಡಳಿತವೇ ಬಂದು ಗೋಡೆ ಕಟ್ಟಿಸಿತು. ಎಷ್ಟೋ ಕಡೆ ಹಾಗೆ ಎದ್ದ ಕೊಠಡಿಗಳಿಗೆ ಕಿಟಕಿಯೂ ಇರಲಿಲ್ಲ, ಏಕೆಂದರೆ ಮೂಲ ನಕ್ಷೆಯಲ್ಲಿ ಅಲ್ಲಿ ಕೊಠಡಿಯೇ ಇರಲಿಲ್ಲ.

ದೋಷ ಕಟ್ಟಡದ್ದು ಮಾತ್ರವಲ್ಲ. ಕಟ್ಟಡ ಬದಲಾಯಿತು, ಪಾಠ ಮಾಡುವ ರೀತಿ ಬದಲಾಗಲಿಲ್ಲ. ನಲವತ್ತು ಮಕ್ಕಳ ಎದುರು ನಿಂತು ಗಟ್ಟಿಯಾಗಿ ಹೇಳುವ ಪಾಠಕ್ಕೆ ಗೋಡೆ ಬೇಕೇಬೇಕು. ಇಬ್ಬರು ಶಿಕ್ಷಕರು ಜೊತೆಗೂಡಿ ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿ ಜಾಗ ಕೊಡದೆ, ತರಬೇತಿ ಕೊಡದೆ ಬರೀ ಗೋಡೆ ತೆಗೆದರೆ ಗದ್ದಲ ಬಿಟ್ಟು ಇನ್ನೇನು ಸಿಕ್ಕೀತು?

● ಗದ್ದಲಕ್ಕೂ ಅಳತೆ ಇದೆ. ಅಮೆರಿಕದಲ್ಲಿ 2002ರಲ್ಲಿ ಬಂದ ಮಾನದಂಡದ ಪ್ರಕಾರ ಸಾಧಾರಣ ಗಾತ್ರದ ತರಗತಿಯಲ್ಲಿ ಮಕ್ಕಳಿಲ್ಲದಾಗ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು. ಮಾತಿನ ಅನುರಣನ 0.6 ಸೆಕೆಂಡಿನೊಳಗೆ ಅಡಗಬೇಕು. ಗಾರೆ ಗೋಡೆ, ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ ಇರುವ ಖಾಲಿ ಕೊಠಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸಮಸ್ಯೆ ಏನೆಂದು ಕಿವಿಗೇ ತಿಳಿಯುತ್ತದೆ. ತಗಡಿನ ಚಾವಣಿಯಾದರೆ ಮಳೆಗಾಲದಲ್ಲಿ ಪಾಠವೇ ಬಂದ್. ದುಬಾರಿ ಉಪಾಯ ಬೇಕಿಲ್ಲ: ಗೋಡೆಗೆ ಮೆತ್ತನೆಯ ಪಿನ್ ಬೋರ್ಡು, ನೆಲಕ್ಕೆ ಚಾಪೆ ಅಥವಾ ಜಮಖಾನ, ಕಪಾಟಿನ ತುಂಬ ಪುಸ್ತಕ, ಇಷ್ಟೂ ಸದ್ದನ್ನು ಕುಡಿಯುತ್ತವೆ.

● ಒಂದು ಇಟ್ಟಿಗೆ ಕಟ್ಟೆಗೆ ಮಕ್ಕಳು ಹಲವು ಬಳಕೆ ಕಂಡುಕೊಂಡದ್ದು ಗೊತ್ತೇ? ಹಾಲೆಂಡಿನ ಡೆಲ್ಫ್ಟ್ ಊರಿನ ಮಾಂಟೆಸರಿ ಶಾಲೆಯನ್ನು ಹರ್ಮನ್ ಹರ್ಟ್ಸ್‌ಬರ್ಗರ್ 1960ರ ದಶಕದಲ್ಲಿ ಕಟ್ಟಿದರು. ತರಗತಿಗಳ ನಡುವಿನ ಹಜಾರದ ಮಧ್ಯದಲ್ಲಿ ಇಟ್ಟಿಗೆಯ ಒಂದು ಚೌಕ ಕಟ್ಟೆ, ನೆಲಕ್ಕೆ ಅಂಟಿದ್ದು. ಬೇಡವಾದಾಗ ಪಕ್ಕಕ್ಕೆ ತಳ್ಳುವ ಹಾಗಿದ್ದರೆ ಚೆನ್ನಾಗಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹರ್ಟ್ಸ್‌ಬರ್ಗರ್ ಒಪ್ಪಲಿಲ್ಲ. ಅದು ಅಡ್ಡ ಇರುವುದೇ ಅದರ ಗುಣ ಎಂಬುದು ಅವರ ವಾದ. ಅಡ್ಡ ಇರುವುದರಿಂದಲೇ ಮಕ್ಕಳು ಅದನ್ನು ಬಳಸುತ್ತಾರೆ: ಹತ್ತಿ ಕೂರುತ್ತಾರೆ, ಅದರ ಮೇಲೆ ಕೆಲಸ ಹರಡುತ್ತಾರೆ, ನಾಟಕ ಆಡುತ್ತಾರೆ. ಬೇಕಾದಾಗ ಮರದ ಹಲಗೆಗಳನ್ನು ಸೇರಿಸಿ ರಂಗವನ್ನು ದೊಡ್ಡದು ಮಾಡಬಹುದು.

ಶಿಶುವಿಹಾರದ ಹಜಾರದಲ್ಲಿ ಇದರ ತದ್ವಿರುದ್ಧ: ನೆಲದಲ್ಲೊಂದು ಚೌಕ ಗುಳಿ. ಅದರ ತುಂಬ ಮರದ ದಿಮ್ಮಿಗಳು. ಮಕ್ಕಳು ದಿಮ್ಮಿ ತೆಗೆದು ಸುತ್ತ ಕುರ್ಚಿ ಮಾಡಿಕೊಳ್ಳುತ್ತಾರೆ, ರೈಲು ಮಾಡುತ್ತಾರೆ, ಖಾಲಿಯಾದ ಗುಳಿಯೊಳಗೆ ಇಳಿದು ಕೂರುತ್ತಾರೆ. ಮತ್ತೆ ತುಂಬಿಸಿದರೆ ನೆಲ ಸಮ. ಹರ್ಟ್ಸ್‌ಬರ್ಗರ್ ಅವರ ಮಾತಿನ ತಿರುಳು ಇದು: ಎಲ್ಲಕ್ಕೂ ಆಗುವ ಖಾಲಿ ಜಾಗ ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ, ಹಲವು ಬಗೆಯಲ್ಲಿ ಬಳಸಲು ಕರೆಯುವ ಗಟ್ಟಿ ಜಾಗ ಬೇಕು. ನಮ್ಮ ಅರಳಿಕಟ್ಟೆಗಳನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ 2012ರಲ್ಲಿ ಅವರಿಗೆ ರಾಯಲ್ ಗೋಲ್ಡ್ ಮೆಡಲ್ ಕೊಟ್ಟಿತು.

● ಜರ್ಮನಿಯ ಲ್ಯೂನೆನ್ ಊರಿನಲ್ಲಿ ಹಾನ್ಸ್ ಷರೂನ್ 1962ರಲ್ಲಿ ಮುಗಿಸಿದ ಶಾಲೆಯಲ್ಲಿ ಪ್ರತಿ ತರಗತಿಯೂ ಒಂದು ಪುಟ್ಟ ಮನೆ. ಪ್ರವೇಶದ ಮೊಗಸಾಲೆ, ಪಾಠದ ಕೋಣೆ, ಗುಂಪು ಕೆಲಸಕ್ಕೆ ಪಕ್ಕದ ಕೋಣೆ, ಹೊರಗೆ ಸ್ವಂತ ಅಂಗಳ. ಇದೇ ದೇಶದ ಗೆಲ್ಸನ್‌ಕಿರ್ಕನ್‌ನಲ್ಲಿ ಪೀಟರ್ ಹ್ಯೂಬ್ನರ್ ಮಕ್ಕಳಿಂದಲೇ ಅವರ ತರಗತಿಗಳ ಮಾದರಿ ಮಾಡಿಸಿ, ಆಮೇಲೆ ಕಟ್ಟಿಸಿದರು.

● ಕೂಡಿ ಯೋಜಿಸುವುದರಲ್ಲಿ ಅಮೆರಿಕದ ವಿಲಿಯಂ ಕಾಡಿಲ್ ಮತ್ತು ಸಂಗಡಿಗರದು ಮಜಾ ಪ್ರಸಂಗ. 1948ರಲ್ಲಿ ಒಕ್ಲಹೋಮಾದ ಬ್ಲ್ಯಾಕ್‌ವೆಲ್ ಊರಿನ ಶಾಲೆಗಳ ಕೆಲಸ ಸಿಕ್ಕಿತು. ನಕ್ಷೆ ಕಳಿಸುವುದು, ಅವರು ತಿದ್ದಿ ಕಳಿಸುವುದು, ಮತ್ತೆ ಬರೆಯುವುದು, ಇದಕ್ಕೆ ಕೊನೆ ಕಾಣಲಿಲ್ಲ. ಸರಿ, ಡ್ರಾಯಿಂಗ್ ಬೋರ್ಡುಗಳ ಸಮೇತ ಆ ಊರಿಗೇ ಹೋಗಿ ಶಾಲಾ ಮಂಡಳಿಯ ಸಭಾಂಗಣದಲ್ಲಿ ಠಿಕಾಣಿ ಹೂಡಿದರು. ಶಿಕ್ಷಕರು, ಸದಸ್ಯರು ಬಂದು ಹೋಗುತ್ತ ಎದುರಿಗೇ ತಿದ್ದಿಸಿದರು. ನಕ್ಷೆ ಬೇಗ ಒಪ್ಪಿಗೆಯಾಯಿತು. ಅಲ್ಲಿಂದ ಮುಂದೆ ಅವರ ಕಂಪನಿಯ ರೂಢಿಯೇ ಅದಾಯಿತು. ಒತ್ತುವರಿದಾರರು ಎಂಬರ್ಥದ ‘ಸ್ಕ್ವಾಟರ್ಸ್’ ಎಂಬ ಹೆಸರಿನಲ್ಲಿ.

● ಜಪಾನಿನ ಹಿಗಾಶಿನೋ ಪ್ರೌಢಶಾಲೆಗೆ ಕ್ರಿಸ್ಟಫರ್ ಅಲೆಕ್ಸಾಂಡರ್ ಕಾಗದದ ಮೇಲೆ ಮೊದಲು ಗೆರೆ ಎಳೆಯಲಿಲ್ಲ. ಶಿಕ್ಷಕರು, ವಿದ್ಯಾರ್ಥಿಗಳ ಜೊತೆ ಮಾತಾಡಿ ಅವರಿಗೆ ಬೇಕಾದ್ದನ್ನು ಬರೆದುಕೊಂಡು, ಆಮೇಲೆ ಹೊಲದಲ್ಲೇ ಬಾವುಟ ನೆಟ್ಟು ಕಟ್ಟಡಗಳ ಜಾಗ ಗುರುತಿಸಿದರು. 1985ರಲ್ಲಿ ಶಾಲೆ ತೆರೆಯಿತು. ಒಂದೇ ದೊಡ್ಡ ಕಟ್ಟಡದ ಬದಲು ಬೀದಿ, ಕೆರೆ, ಸೇತುವೆ, ಬಿಡಿ ಬಿಡಿ ಮನೆಗಳಿರುವ ಒಂದು ಊರು.

● ಅದೇ ಜಪಾನಿನ ಟೋಕಿಯೊ ಬಳಿಯ ಫುಜಿ ಶಿಶುವಿಹಾರ 2007ರದು, ಟೆಜುಕಾ ದಂಪತಿಯ ಕೆಲಸ. ಕಟ್ಟಡ ಮೊಟ್ಟೆಯಾಕಾರದ ಬಳೆ, ಚಾವಣಿಯೇ ಆಟದ ಮೈದಾನ. ತುದಿ ಮೊದಲಿಲ್ಲದ್ದರಿಂದ ಮಕ್ಕಳು ಓಡುತ್ತಲೇ ಇರುತ್ತಾರೆ. ಮೂರು ದೊಡ್ಡ ಮರಗಳನ್ನು ಕಡಿಯದೆ ಚಾವಣಿಯ ಮೂಲಕ ಮೇಲೆ ಬಿಟ್ಟಿದ್ದಾರೆ. ಒಳಗೆ ತರಗತಿಗಳ ನಡುವೆ ಗೋಡೆ ಇಲ್ಲ. ಹಗುರ ಮರದ ಪೆಟ್ಟಿಗೆಗಳನ್ನು ಜೋಡಿಸಿ ಬೇಕಾದ ಅಡ್ಡ ಮಾಡಿಕೊಳ್ಳುತ್ತಾರೆ. ಕೈ ತೊಳೆಯುವ ನಲ್ಲಿಗಳನ್ನು ಗೋಡೆಗೆ ಸಾಲಾಗಿ ಹಾಕದೆ, ಮಕ್ಕಳು ಸುತ್ತ ನಿಂತು ಮಾತಾಡಲೆಂದು ಬಾವಿಕಟ್ಟೆಯ ಹಾಗೆ ಮಾಡಿದ್ದಾರೆ.

● ಮೆಟ್ಟಿಲು ಹತ್ತಲು ಮಾತ್ರ ಎಂದವರು ಯಾರು? ಡೆನ್ಮಾರ್ಕಿನ ಹೆಲೆರುಪ್ ಶಾಲೆಯ (2002) ನಡುಮಧ್ಯೆ ಅಗಲವಾದ ಮರದ ಮೆಟ್ಟಿಲು: ಅಲ್ಲೇ ಪಾಠ, ಅಲ್ಲೇ ಸಭೆ, ಅಲ್ಲೇ ಹರಟೆ. ಕೋಪನ್‌ಹೇಗನ್ನಿನ ಓರೆಸ್ಟಾಡ್ ಕಾಲೇಜಿನಲ್ಲಿ (2007) ಸುರುಳಿ ಮೆಟ್ಟಿಲೇ ಕಟ್ಟಡದ ಬೆನ್ನುಮೂಳೆ. ಈ ನಮೂನೆ ಈಗ ಬೆಂಗಳೂರಿನ ಖಾಸಗಿ ಶಾಲೆಗಳ ಜಾಹೀರಾತಿನಲ್ಲೂ ಕಾಣುತ್ತದೆ. ಆದರೆ ಗಾಲಿಕುರ್ಚಿಯ ಮಗು ಆ ಮೆಟ್ಟಿಲಿನಲ್ಲಿ ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರ ಇರುವುದಿಲ್ಲ.

● ಫಿನ್ಲೆಂಡಿನಲ್ಲಿ 2016ರ ಆಗಸ್ಟಿನಿಂದ ಹೊಸ ಪಠ್ಯಕ್ರಮ ಜಾರಿಗೆ ಬಂತು. ವಿಷಯಗಳನ್ನು ಬೆಸೆದು ಕಲಿಸುವುದಕ್ಕೆ ಒತ್ತು; ಅದಕ್ಕೆ ತಕ್ಕ ಹಾಗೆ ತೆರೆದ ಶಾಲೆಗಳು. ಮಕ್ಕಳು ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ಓಡಾಡುತ್ತಾರೆ, ಇದರಿಂದ ಸದ್ದೂ ಕಡಿಮೆ, ನೆಲದ ಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಹಾಗಿದ್ದೂ ಗದ್ದಲದ ದೂರು ಅಲ್ಲಿಯೂ ತಪ್ಪಲಿಲ್ಲ.

● ಚಪ್ಪಲಿ ಹೊರಗೆ, ನೆಲದ ಮೇಲೆ ಕೂರು: ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಪೆಗಿಂತ ಬೇಗ ಸರಿಸಬಹುದಾದ ಪೀಠೋಪಕರಣ ಇನ್ನೂ ಬಂದಿಲ್ಲ. ದೇಣಿಗೆ ಡೆಸ್ಕು-ಬೆಂಚು ಬಂದ ದಿನ ಊರಿಗೆಲ್ಲ ಸಂಭ್ರಮ, ಸರಿ. ಒಂದನೇ ಎರಡನೇ ತರಗತಿಯ ಮಟ್ಟಿಗೆ ಅದು ಲಾಭವೋ ನಷ್ಟವೋ ಎಂದು ಶಿಕ್ಷಕಿಯರನ್ನು ಕೇಳಿ ನೋಡಬೇಕು.

● ಕರ್ನಾಟಕದ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಆಗ ಹಿಂದುಳಿದ ತಾಲ್ಲೂಕೆಂದು ಹೆಸರಾಗಿದ್ದ ಎಚ್.ಡಿ. ಕೋಟೆಯಲ್ಲಿ. ಯುನಿಸೆಫ್ ನೆರವಿತ್ತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಲಿಕಾ ಕಾರ್ಡುಗಳನ್ನು ತಯಾರಿಸಿದರು. 2009-10ರಲ್ಲಿ ಇದು ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಪ್ರಾಥಮಿಕ ಶಾಲೆಗಳ ಮೊದಲ ತರಗತಿಗಳಿಗೆ ಹರಡಿತು.

ನಲಿ-ಕಲಿ ಕೊಠಡಿಯನ್ನು ಕಟ್ಟಡದ ಕಣ್ಣಿನಿಂದ ನೋಡಿದವರು ಕಡಿಮೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ವಯಸ್ಸಿನ ಗೋಡೆ ಅಲ್ಲಿಗೆ ಬಿತ್ತು. ಐದು ಗುಂಪು: ಶಿಕ್ಷಕರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಗೆಳೆಯರ ಪೂರ್ಣ ನೆರವಿನದು, ಗೆಳೆಯರ ಭಾಗಶಃ ನೆರವಿನದು, ತಾನೇ ಕಲಿಯುವುದು. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿಕೊಂಡು, ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳು ಕೂತೇ ಬರೆಯುವ ಕರಿಹಲಗೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕುವ ಚಪ್ಪರ. ಸಾವಿರಾರು ಹಳ್ಳಿಗಳಲ್ಲಿ, ಒಂದೂ ಗೋಡೆ ಒಡೆಯದೆ, ಹಳೆಯ ಚೌಕ ಕೊಠಡಿಯೊಳಗೇ ನಡೆದ ಬದಲಾವಣೆ ಇದು. ತೊಡಕೂ ಉಂಟು. ನೆಲದ ಮೇಲೆ ಐದು ಗುಂಪಿಗೆ ಬೇಕಾದ ಜಾಗ ಸಾಲು ಬೆಂಚಿಗಿಂತ ಹೆಚ್ಚು. ಕೊಠಡಿ ಕಟ್ಟುವ ಎಂಜಿನಿಯರಿಗೆ ಇದನ್ನು ಯಾರು ಹೇಳಬೇಕು?

● 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ದೇಶದ ಪ್ರತಿ ಪ್ರಾಥಮಿಕ ಶಾಲೆಗೆ ಭರವಸೆ ಕೊಟ್ಟದ್ದು ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು. ಅಷ್ಟೂ ಇರಲಿಲ್ಲ ಎಂದು ಇದರ ಅರ್ಥ.

● ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಕೋನಮಾಪಕ ಬರೆದ ಶಾಲೆ ನೋಡಿದ್ದೀರಾ? ಬಾಗಿಲು ಎಷ್ಟು ತೆರೆದರೆ ಎಷ್ಟು ಡಿಗ್ರಿ ಎಂದು ಮಗು ನೋಡಿಯೇ ಕಲಿಯುತ್ತದೆ. ಕಿಟಕಿಯ ಸರಳುಗಳಲ್ಲಿ ಬೆರಳಾಡಿಸುವ ಆಕಾರ, ಫ್ಯಾನಿನ ರೆಕ್ಕೆಗೆ ಬಣ್ಣ ಬಳಿದು ಬಣ್ಣಗಳ ಬೆರಕೆ. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತವರ ವಿನ್ಯಾಸ್ ಸಂಸ್ಥೆ ರೂಪಿಸಿದ ಈ ‘ಬಾಲಾ’ ಪದ್ಧತಿ, ಅಂದರೆ ಕಟ್ಟಡವೇ ಕಲಿಕೆಯ ಸಾಧನ, ಹಲವು ರಾಜ್ಯಗಳಿಗೆ ಹಬ್ಬಿತು.

● ಅತಿಯಾದರೆ ಇದೂ ತೊಂದರೆಯೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ 24 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರಪಟ ತುಂಬಿದ ಕೊಠಡಿಯಲ್ಲಿ ಪಾಠದ ಶೇ 38.6ರಷ್ಟು ಹೊತ್ತು ಮಕ್ಕಳ ಗಮನ ಬೇರೆಡೆ. ಬೋಳು ಗೋಡೆಯ ಕೊಠಡಿಯಲ್ಲಿ ಶೇ 28.4. ಬೋಳು ಗೋಡೆಯಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಹೊತ್ತು ಮನಸ್ಸು ಬೇರೆಡೆ ಇತ್ತು ಎಂಬುದನ್ನು ಗಮನಿಸಿ. ಅದು ಮಕ್ಕಳ ಹಕ್ಕು!

● ಇಂಗ್ಲೆಂಡಿನ ಸಾಲ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ತಂಡ 27 ಶಾಲೆಗಳ 153 ಕೊಠಡಿ, 3,766 ಮಕ್ಕಳನ್ನು ಅಧ್ಯಯನ ಮಾಡಿ 2015ರಲ್ಲಿ ವರದಿ ಕೊಟ್ಟಿತು. ಮಕ್ಕಳ ವರ್ಷದ ಪ್ರಗತಿಯ ವ್ಯತ್ಯಾಸದಲ್ಲಿ ಶೇ 16ರಷ್ಟಕ್ಕೆ ಕೊಠಡಿಯ ಗುಣಲಕ್ಷಣಗಳೇ ವಿವರಣೆ. ಬೆಳಕು, ಗಾಳಿ, ಉಷ್ಣತೆ ಮೊದಲ ಸಾಲಿನವು. ಭವ್ಯ ಹೆಬ್ಬಾಗಿಲು, ದೊಡ್ಡ ಸಭಾಂಗಣಗಳಿಗಿಂತ ಮಗು ದಿನವಿಡೀ ಕೂರುವ ಕೊಠಡಿ ಮುಖ್ಯ ಎಂದಾಯಿತು. ಶಿಲಾನ್ಯಾಸದ ಫಲಕಕ್ಕೆ ಗ್ರಾನೈಟ್ ಹುಡುಕುವವರು ಇದನ್ನು ಓದಬೇಕು.

● ಇಟಲಿಯ ರೆಜಿಯೊ ಎಮಿಲಿಯಾ ಬಳಿಯ ವಿಲ್ಲಾ ಚೆಲ್ಲಾ ಹಳ್ಳಿಯವರು 1945ರಲ್ಲಿ, ಜರ್ಮನ್ ಸೇನೆ ಬಿಟ್ಟುಹೋದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳನ್ನು ಮಾರಿ ಶಾಲೆ ಕಟ್ಟಿದರು. ಸುದ್ದಿ ಕೇಳಿ ಸೈಕಲ್ ಏರಿ ಬಂದ ಯುವ ಶಿಕ್ಷಕ ಲೋರಿಸ್ ಮಲಗುತ್ಸಿ ಆ ಕೆಲಸಕ್ಕೆ ಕೈಜೋಡಿಸಿದರು. ಅವರು ಬೆಳೆಸಿದ ಶಾಲೆಗಳ ನಡುವೆ ಊರ ಚೌಕದಂಥ ‘ಪಿಯಾಜಾ’ ಇರುತ್ತದೆ. ಎಲ್ಲ ಕೋಣೆಗಳ ಮಕ್ಕಳು ಅಲ್ಲಿ ಬೆರೆಯುತ್ತಾರೆ.

● ಬಾಂಗ್ಲಾದೇಶದ ರುದ್ರಾಪುರದಲ್ಲಿ ಮಣ್ಣು, ಬಿದಿರಿನಿಂದ ಕಟ್ಟಿದ ಶಾಲೆಯ ಕೆಳ ಮಹಡಿಯ ತರಗತಿಗಳ ಹಿಂದೆ ಮಣ್ಣಿನ ಗುಹೆಗಳಿವೆ. ಮಕ್ಕಳು ನುಸುಳಿ ಒಬ್ಬರೇ ಓದಬಹುದು, ಇಬ್ಬರು ಸೇರಿ ಗುಟ್ಟು ಹೇಳಬಹುದು. ಆನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಊರಿನವರ ಜೊತೆ ಸೇರಿ ಕಟ್ಟಿದ ಈ ಶಾಲೆಗೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅದೇ ದೇಶದ ದಕ್ಷಿಣ ಕಾನಾರ್ಚರ್‌ನ ಆರ್ಕೇಡಿಯಾ ಶಾಲೆ ಬೇಸಿಗೆಯಲ್ಲಿ ನೆಲದ ಮೇಲೆ ಕೂತಿರುತ್ತದೆ, ಮಳೆಗಾಲದಲ್ಲಿ ನದಿ ಉಕ್ಕಿದಾಗ ಖಾಲಿ ಡ್ರಮ್ಮುಗಳ ಮೇಲೆ ತೇಲುತ್ತದೆ! ಸೈಫ್ ಉಲ್ ಹಕ್ ಅವರ ವಿನ್ಯಾಸ. 2019ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ.

● ಎಲ್ಲ ತೇಲುಶಾಲೆಗಳೂ ತೇಲಲಿಲ್ಲ. ನೈಜೀರಿಯಾದ ಮಕೊಕೊದಲ್ಲಿ 2013ರಲ್ಲಿ ಕಟ್ಟಿ, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹೊಗಳಿಸಿಕೊಂಡ ಶಾಲೆ 2016ರ ಮಳೆಗೆ ಕುಸಿದುಬಿತ್ತು.

● ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ ಜರ್ಮನಿಯಲ್ಲಿ ಓದುತ್ತಿರುವಾಗಲೇ ಹಣ ಕೂಡಿಸಿ ತನ್ನೂರಿಗೆ 2001ರಲ್ಲಿ ಶಾಲೆ ಕಟ್ಟಿಸಿದ. ಮಣ್ಣಿನ ಇಟ್ಟಿಗೆ, ಅದರ ಮೇಲೆ ಎತ್ತರಿಸಿ ನಿಲ್ಲಿಸಿದ ತಗಡಿನ ಚಾವಣಿ; ನಡುವಿನ ಸಂದಿಯಲ್ಲಿ ಬಿಸಿಗಾಳಿ ಹೊರಹೋಗುತ್ತದೆ. 2022ರಲ್ಲಿ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಆತ.

● ಪ್ರಿಟ್ಸ್‌ಕರ್ ಪಡೆದ ಮೊದಲ ಭಾರತೀಯ, ಬಿ.ವಿ. ದೋಶಿ, 2018. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅವರ ಕೈಕೆಲಸ. ಅಲ್ಲಿನ ಪಡಸಾಲೆಗಳು ಬರೀ ಓಡಾಡುವ ದಾರಿಯಲ್ಲ. ಅಗಲ, ಕಲ್ಲುಕಟ್ಟೆ, ಬಳ್ಳಿ, ಮೇಲಿನಿಂದ ಸೋಸಿ ಬರುವ ಬಿಸಿಲು. ತರಗತಿಯಲ್ಲಿ ಮುಗಿಯದ ಚರ್ಚೆ ಹೊರಗೆ ಮುಂದುವರಿಯಲಿ ಎಂದೇ ಹಾಗೆ ಕಟ್ಟಿದ್ದು. ಸ್ಫೂರ್ತಿ ಫತೇಪುರ ಸಿಕ್ರಿ ಮತ್ತು ದಕ್ಷಿಣದ ದೇವಾಲಯಗಳ ಪ್ರಾಕಾರ.

● ಅಮೆರಿಕದ ಎಂಐಟಿಯಲ್ಲಿ 1943ರಲ್ಲಿ ಯುದ್ಧದ ತುರ್ತಿಗೆಂದು ಮರದಲ್ಲಿ ಎಬ್ಬಿಸಿದ ‘20ನೇ ನಂಬರ್ ಕಟ್ಟಡ’ ಯುದ್ಧ ಮುಗಿದೊಡನೆ ಬೀಳಬೇಕಿತ್ತು. ಬಿದ್ದದ್ದು 1998ರಲ್ಲಿ! ಹೇಗೂ ಹಾಳು ಕಟ್ಟಡ, ಯಾರೂ ಅನುಮತಿ ಕೇಳುತ್ತಿರಲಿಲ್ಲ. ವಿಜ್ಞಾನಿಗಳು ಬೇಕಾದಲ್ಲಿ ಗೋಡೆ ಕೊರೆದರು. ಪರಮಾಣು ಗಡಿಯಾರಕ್ಕೆ ಎತ್ತರ ಸಾಲದೆ ಜೆರಾಲ್ಡ್ ಜಕಾರಿಯಸ್ ಮಹಡಿಗಳನ್ನೇ ತೆಗೆಸಿದರು. ಭಾಷಾವಿಜ್ಞಾನಿ ನೋಮ್ ಚೋಮ್‌ಸ್ಕಿ ಇದ್ದದ್ದೂ ಅಲ್ಲೇ.

● ಕಟ್ಟಡವೇ ಇಲ್ಲದ ಶಾಲೆ ನಮ್ಮಲ್ಲೂ ನಡೆಯಿತು. ಕೋವಿಡ್ ಕಾಲದ 2020ರ ಆಗಸ್ಟಿನಲ್ಲಿ ಬಂದ ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳೇ ಊರೊಳಗೆ ಬಂದು ಅರಳಿಕಟ್ಟೆ, ಗುಡಿಯ ಪ್ರಾಂಗಣ, ಮನೆ ಜಗುಲಿಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು.

● ಕಡೆಗೊಂದು ಮಾತು, ಎಸ್‌ಡಿಎಂಸಿ ಸದಸ್ಯರಿಗೆ ಮತ್ತು ಊರಿನ ದಾನಿಗಳಿಗೆ. ನಿಮ್ಮ ಶಾಲೆಗೆ ಹೊಸ ಕೊಠಡಿ ಮಂಜೂರಾಗಿದ್ದರೆ, ಗುದ್ದಲಿ ಪೂಜೆಗೆ ಮುಂಚೆ ನಕ್ಷೆ ಕೇಳಿ ಪಡೆಯಿರಿ. ಎರಡೂ ಬದಿಗೆ ಕಿಟಕಿ ಇದೆಯೇ, ಪಡಸಾಲೆಯಲ್ಲಿ ಕೂರಲು ಕಟ್ಟೆ ಇದೆಯೇ, ಗಾಲಿಕುರ್ಚಿಗೆ ಇಳಿಜಾರು ಇದೆಯೇ, ಕರಿಹಲಗೆ ಒಂದನೇ ತರಗತಿಯ ಮಗುವಿಗೆ ಎಟುಕುತ್ತದೆಯೇ ಎಂದು ನೋಡಿ. ಆಮೇಲೆ ಆ ನಕ್ಷೆಯನ್ನು ಅಲ್ಲಿ ಪಾಠ ಮಾಡುವ ಟೀಚರಿಗೆ ಒಂದು ವಾರ ಕೊಟ್ಟುಬಿಡಿ. ಪಾಯ ತೆಗೆಯುವ ಮುಂಚೆ ನಕ್ಷೆ ತಿದ್ದಲು ಒಂದು ಪೆನ್ಸಿಲ್ ಸಾಕು.